ಒಬ್ಬರು ಪಟ್ಟು ಹಿಡಿದಾಗ ಇನ್ನೊಬ್ಬರು ಬಾಯಿ ಮುಚ್ಚುವುದೇಕೆ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ನಮ್ಮಲ್ಲಿಗೆ ದಾಂಪತ್ಯ ಸಮಾಲೋಚನೆಗೆ ಬಂದ ಜೋಡಿ: ಪತ್ನಿಗೆ 34, ಪತಿಗೆ 38. "ಎಷ್ಟು ಕೇಳಿದರೂ ಬಾಯಿ ಬಿಡಲ್ಲ, ಎದ್ದು ಹೋಗಿಬಿಡ್ತಾರೆ" ಎಂದು ಆಕೆಯ ದೂರು. "ಹೆಂಗಸರ ಮನಸ್ಸೇ ಹಾಗೆ, ಹಿಡಿದರೆ ಬಿಡೋದಿಲ್ಲ" ಎಂದು ಆತನ ಉತ್ತರ. ಗಂಡು-ಹೆಣ್ಣಿನ ಮನಸ್ಸು ಹುಟ್ಟಿನಿಂದಲೇ ಬೇರೆ, ಇದು ಸರಿಹೋಗುವಂಥದ್ದಲ್ಲ ಎಂಬುದರಲ್ಲಿ ಮಾತ್ರ ಇಬ್ಬರಿಗೂ ಒಮ್ಮತವಿತ್ತು.

ಮೊದಲು ಆಕೆ ಆರಿಸಿದ ವಿಷಯವನ್ನೇ ಮಾತಾಡಿಸಿದೆವು: ಮಗುವಿನ ಓದಿನ ಹೊಣೆ. ಆಕೆ ಮೇಲಿಂದ ಮೇಲೆ ಕೇಳಿದರು, ಆತ ತಲೆ ತಗ್ಗಿಸಿ ಕುಳಿತರು. ಆಮೇಲೆ ಆತನ ವಿಷಯ: ಕೆಲಸ ಬಿಟ್ಟು ಸ್ವಂತ ಉದ್ಯಮ ಮಾಡುವುದು. ಈಗ ಪಟ್ಟು ಹಿಡಿದದ್ದು ಆತ. "ನೋಡೋಣ ಬಿಡಿ" ಎಂದು ಜಾರಿಕೊಂಡದ್ದು ಆಕೆ. ಇದನ್ನು ತೋರಿಸಿಕೊಟ್ಟಾಗ ಇಬ್ಬರೂ ಬೆರಗಾದರು.

ಇದು ಇವರೊಬ್ಬರ ಕಥೆಯಲ್ಲ. ಮನೋವಿಜ್ಞಾನಿಗಳಾದ ಕ್ರಿಸ್ಟೆನ್ಸನ್ ಮತ್ತು ಹೀವಿ ಅವರ 1990ರ ಅಧ್ಯಯನದಲ್ಲಿ ಹೆಂಡತಿ ಬದಲಾವಣೆ ಬಯಸಿದ ವಿಷಯ ಬಂದಾಗ ಆಕೆ ಒತ್ತಾಯಿಸುವುದು, ಗಂಡ ಹಿಂದೆ ಸರಿಯುವುದು ಎದ್ದು ಕಂಡಿತು. ಗಂಡ ಬದಲಾವಣೆ ಬಯಸಿದ ವಿಷಯದಲ್ಲಿ ಆ ಅಂತರ ಉಳಿಯಲಿಲ್ಲ. ಬದಲಾವಣೆ ಬೇಕಾದವರು ಒತ್ತುತ್ತಾರೆ, ಇದ್ದಂತೆ ಇರಲಿ ಎನ್ನುವವರು ಜಾರುತ್ತಾರೆ. ಮನೆಗೆಲಸ, ಮಕ್ಕಳ ಹೊರೆ ಹಂಚಿಕೊಳ್ಳಬೇಕೆಂದು ಕೇಳುವವರು ಹೆಚ್ಚಾಗಿ ಹೆಂಡತಿಯರೇ ಆದ್ದರಿಂದ ಅದಕ್ಕೆ ಹೆಣ್ಣಿನ ಸ್ವಭಾವವೆಂಬ ಹೆಸರು ಬಿದ್ದಿದೆ. ಮನೋವಿಜ್ಞಾನಿ ಜಾನೆಟ್ ಹೈಡ್ 2005ರಲ್ಲಿ 46 ಮೆಟಾ-ವಿಶ್ಲೇಷಣೆಗಳನ್ನು (ಒಂದೇ ವಿಷಯದ ಹಲವು ಅಧ್ಯಯನಗಳ ಫಲಿತಾಂಶ ಕೂಡಿಸಿ ನೋಡುವ ಲೆಕ್ಕ) ಒಟ್ಟಿಗಿಟ್ಟು ನೋಡಿದಾಗಲೂ ಲಿಂಗ ವ್ಯತ್ಯಾಸಗಳಲ್ಲಿ ಶೇ. 78ರಷ್ಟು ಸಣ್ಣವು ಅಥವಾ ಇಲ್ಲವೆನ್ನುವಷ್ಟು ಕಡಿಮೆ ಇದ್ದವು.

ಸಲಹೆ ಹೀಗಿತ್ತು. ಮಾತು ಬಿಸಿಯೇರಿದಾಗ ನಾಡಿ ಹಿಡಿದು 15 ಸೆಕೆಂಡು ಎಣಿಸಿ. 25 ದಾಟಿದರೆ, ಅಂದರೆ ನಿಮಿಷಕ್ಕೆ 100 ಮೀರಿದರೆ, ಎದುರಿನವರ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗುವುದು ಕಷ್ಟ. ಆಗ ಕನಿಷ್ಠ 20 ನಿಮಿಷ ಬಿಡುವು. ಆದರೆ ಸುಮ್ಮನೆ ಎದ್ದು ಹೋಗಬಾರದು. "ಈಗ ಆಗ್ತಿಲ್ಲ, ಎಂಟೂವರೆಗೆ ಕೂತು ಮಾತಾಡೋಣ" ಎಂದು ಸಮಯ ಹೇಳಿಯೇ ಏಳಬೇಕು. ಬಿಡುವು ಕೇಳಿದವರೇ ಮರಳಿ ಮಾತು ತೆಗೆಯಬೇಕು. ಈ ಉಪಾಯ ಕೆಡುವುದು ಇಲ್ಲಿಯೇ: ಸಮಯ ಹೇಳದಿದ್ದರೆ ಕಾಯುವವರಿಗೆ ಅದು ತಿರಸ್ಕಾರ, ಮುಂದಿನ ಸಲ ಇನ್ನಷ್ಟು ಬೆನ್ನು ಹತ್ತುತ್ತಾರೆ. ಬಿಡುವಿನಲ್ಲಿ ಏನು ಉತ್ತರ ಕೊಡಲಿ ಎಂದು ಮನಸ್ಸಿನಲ್ಲೇ ಜಗಳ ಮುಂದುವರಿಸಿದರೆ ನಾಡಿ ಇಳಿಯುವುದಿಲ್ಲ.

ಆಕೆಗೆ ಹೇಳಿದ್ದು: "ನಿಮಗೆ ಮನೆ ಬಗ್ಗೆ ಚಿಂತೆಯೇ ಇಲ್ಲ" ಎಂದು ಶುರುಮಾಡಬೇಡಿ. "ವಾರಕ್ಕೆ ಎರಡು ದಿನ ನೀವು ಓದಿಸಿದರೆ ನನಗೆ ಉಸಿರಾಡೋಕೆ ಆಗುತ್ತೆ" ಎನ್ನಿ. ಉದ್ಯಮದ ಮಾತು ತೆಗೆಯುವಾಗ ಆತನಿಗೂ ಇದೇ ನಿಯಮ.

ಮೌನಕ್ಕೆ ಕಾರಣ ಹೊಡೆತದ ಅಥವಾ ಬೆದರಿಕೆಯ ಭಯವಾಗಿದ್ದರೆ ಈ ಸಲಹೆ ಸಲ್ಲದು. ಅದಕ್ಕಾಗಿಯೇ ಜೋಡಿಯಾಗಿ ಕೂರಿಸುವ ಮೊದಲು ಇಬ್ಬರನ್ನೂ ಪ್ರತ್ಯೇಕವಾಗಿ ಕೇಳಿ ಖಚಿತಪಡಿಸಿಕೊಂಡಿದ್ದೆವು.