ಸ್ಮಾರ್ಟ್ ಲಾಕ್ ಪದೇ ಪದೇ ಆಫ್‌ಲೈನ್ ಆಗುತ್ತಿದೆ, ರೂಟರ್ ಬದಲಿಸಬೇಕಾ?

ನೀವು ಕೇಳಿದ್ದು ಇಷ್ಟು: ನೀವು ದುಬೈಯಲ್ಲಿ, ಅಮ್ಮ ಉಡುಪಿಯ ಹಳೇ ಮನೆಯಲ್ಲಿ. ಎದುರು ಬಾಗಿಲಿಗೆ ಹಾಕಿಸಿದ ವೈಫೈ ಲಾಕ್ ಜೂನ್‌ನಿಂದ ವಾರಕ್ಕೆ ಮೂರು ನಾಲ್ಕು ಸಲ ಆಫ್‌ಲೈನ್ ತೋರಿಸುತ್ತದೆ. ರೀಸೆಟ್ ಮಾಡಿಸಿದರೆ ಎರಡು ದಿನ ಸರಿ, ಮತ್ತೆ ಅದೇ ಕತೆ. ರೂಟರ್ ಬದಲಿಸಲಾ ಅಂತ ನಿಮ್ಮ ಪ್ರಶ್ನೆ.

ಈಗಲೇ ಬೇಡ ಮಾರಾಯ್ರೆ. ನಾನು ಅದನ್ನೇ ಮಾಡಿ ದುಡ್ಡು ಕಳೆದುಕೊಂಡವನು.

ನಮ್ಮದು ಮಂಗಳೂರಿನಲ್ಲಿ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಹಳೇ ಮನೆ, ಹಲಸಿನ ಮರದ ಬಾಗಿಲು. ಲಾಕ್ ಹಾಕಿಸಿದ್ದು ಬೇಸಿಗೆಯಲ್ಲಿ, ಒಂದು ದಿನವೂ ತೊಂದರೆ ಕೊಡಲಿಲ್ಲ. ಮಳೆ ಹಿಡಿದ ಮೇಲೆ ಶುರುವಾಯಿತು, ಅದೂ ದಿನಾ ಸಂಜೆ ಆರೂವರೆ ಏಳರ ಹೊತ್ತಿಗೇ ಆಫ್‌ಲೈನ್. ಆ ಹೊತ್ತಿಗೆ ಅಕ್ಕಪಕ್ಕದ ಮನೆಯವರೆಲ್ಲ ಟಿವಿ, ಮೊಬೈಲ್ ಹಿಡಿದು ಕೂರುತ್ತಾರೆ, ಅವರ ವೈಫೈ ನಮ್ಮದಕ್ಕೆ ಅಡ್ಡ ಬರುತ್ತದೆ ಅಂತ ನಾನೇ ತೀರ್ಮಾನ ಮಾಡಿಕೊಂಡು ವೈಫೈ ಸಿಗ್ನಲ್ ದೂರಕ್ಕೆ ಮುಟ್ಟಿಸುವ ಒಂದು ಎಕ್ಸ್‌ಟೆಂಡರ್ ತಂದೆ. ಆಗಲಿಲ್ಲ. ರೂಟರನ್ನೇ ಬದಲಿಸಿದೆ. ಅದೂ ಆಗಲಿಲ್ಲ. ಆಮೇಲೆ ಒಂದು ದಿನ ಸುಮ್ನೆ ಜಗಲಿಯಲ್ಲಿ ಕೂತಿದ್ದಾಗ ಹೆಂಡತಿ ಸೊಳ್ಳೆ ಬರುತ್ತದೆ ಅಂತ ಬಾಗಿಲು ಹಾಕಿದಳು, ಲಾಕ್ ಗರ್ರ್ ಅಂತ ನರಳಿತು, ಎರಡು ನಿಮಿಷದಲ್ಲಿ ನನ್ನ ಫೋನಿಗೆ ಆಫ್‌ಲೈನ್ ಅಂತ ಬಂತು. ನಮ್ಮಲ್ಲಿ ಹಗಲಿಡೀ ಎದುರು ಬಾಗಿಲು ತೆರೆದೇ ಇರುತ್ತದೆ, ಲಾಕ್ ಬೀಳುವುದೇ ಸಂಜೆ ಸೊಳ್ಳೆಯ ಹೊತ್ತಿಗೆ. ಆರೂವರೆಯ ಗುಟ್ಟು ಇಷ್ಟೇ.

ಆಗುವುದು ಹೀಗೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಮರ ನೀರು ಕುಡಿದು ಉಬ್ಬುತ್ತದೆ. ಲಾಕಿನ ಬೋಲ್ಟ್ ದಾರಂದದ (ಬಾಗಿಲ ಚೌಕಟ್ಟಿನ) ತೂತಿಗೆ ನೇರ ಹೋಗದೆ ಅಂಚಿಗೆ ತಾಗಿ ಉಜ್ಜುತ್ತದೆ. ಒಳಗಿನ ಪುಟ್ಟ ಮೋಟಾರ್ ಒದ್ದಾಡಿ ದೂಡುವಾಗ ಸೆಲ್‌ನಿಂದ ಒಮ್ಮೆಗೇ ತುಂಬಾ ಕರೆಂಟ್ ಎಳೆಯುತ್ತದೆ. ಸೆಲ್ ಸ್ವಲ್ಪ ಸೋತಿದ್ದರೆ ವೋಲ್ಟೇಜ್ ಕುಸಿಯುತ್ತದೆ, ಮೋಟಾರ್ ಹೇಗೋ ಕೆಲಸ ಮುಗಿಸುತ್ತದೆ, ಆದರೆ ಒಳಗಿನ ವೈಫೈ ಚಿಪ್ ತಲೆ ತಿರುಗಿ ಬೀಳುತ್ತದೆ. ಅಂದರೆ ಬಾಗಿಲು ಲಾಕ್ ಆಗಿದೆ, ಬೆರಳಚ್ಚೂ ಕೆಲಸ ಮಾಡುತ್ತದೆ, ಆ್ಯಪ್ ಮಾತ್ರ ಆಫ್‌ಲೈನ್. ನೋಡುವವರಿಗೆ ಪಕ್ಕಾ ನೆಟ್ ತೊಂದರೆಯ ಹಾಗೇ ಕಾಣುತ್ತದೆ.

ರೀಸೆಟ್ ಮಾಡಿದರೆ ಎರಡು ದಿನ ಯಾಕೆ ಸರಿಯಾಗುತ್ತದೆ ಅಂದರೆ, ರೀಸೆಟ್‌ಗೆ ಸೆಲ್ ತೆಗೆದು ಹಾಕಿರುತ್ತೀರಿ ಅಲ್ವಾ, ಅಷ್ಟು ಹೊತ್ತಿಗೆ ಸೆಲ್ ಸ್ವಲ್ಪ ಚೇತರಿಸಿಕೊಳ್ಳುತ್ತದೆ, ಚಿಪ್ ಕೂಡ ಹೊಸದಾಗಿ ಶುರುವಾಗುತ್ತದೆ. ದಯವಿಟ್ಟು ಇನ್ನು ಪೂರ್ತಿ ರೀಸೆಟ್ ಮಾಡಿಸಬೇಡಿ. ಹಾಗೆ ಮಾಡಿದಾಗಲೆಲ್ಲ ಬೆರಳಚ್ಚು ಅಳಿಸಿಹೋಗುತ್ತದೆ. ವಯಸ್ಸಾದವರ ಬೆರಳಿನ ಗೆರೆ ಸವೆದಿರುತ್ತದೆ, ಮತ್ತೆ ಸೇರಿಸುವಷ್ಟರಲ್ಲಿ ಅಮ್ಮನಿಗೂ ಸಾಕು, ನಿಮಗೂ ಸಾಕು.

ಪರೀಕ್ಷೆ ಸುಲಭ. ಬಾಗಿಲು ತೆರೆದಿಟ್ಟೇ ಲಾಕ್ ಮಾಡಿ ನೋಡಲಿ, ಬೋಲ್ಟ್ ಸಲೀಸಾಗಿ ಹೊರಗೆ ಬರಬೇಕು. ಆಮೇಲೆ ಬಾಗಿಲು ಹಾಕಿ ಲಾಕ್ ಮಾಡಲಿ. ಸದ್ದು ಬೇರೆ ಬಂದರೆ, ಇಲ್ಲವೇ ಬೋಲ್ಟ್ ನಿಧಾನ ಆದರೆ, ರೋಗ ಬಾಗಿಲಿನದ್ದು. ನಮ್ಮ ಮನೆಗೆ ಬಂದ ಆಚಾರಿ (ಬಡಗಿ) ಅರ್ಧ ಗಂಟೆಯಲ್ಲಿ ದಾರಂದದ ತಗಡು ಬಿಚ್ಚಿ, ತೂತನ್ನು ಒಂದೆರಡು ಮಿಲಿಮೀಟರ್ ಅಗಲ ಮಾಡಿ ಕೊಟ್ಟರು. ಬಾಗಿಲಿನ ಅಂಚು ಕೆತ್ತಿಸಬೇಡಿ, ಬೇಸಿಗೆಯಲ್ಲಿ ಮರ ಒಣಗಿದಾಗ ಸಂದಿ ಬೀಳುತ್ತದೆ.

ಸೆಲ್ ವಿಷಯ. ಹೆಚ್ಚಿನ ಲಾಕ್‌ಗಳಿಗೆ ಬೇಕಾದದ್ದು ನಾಲ್ಕು ಆಲ್ಕಲೈನ್ ಎಎ ಸೆಲ್. ಟಿವಿ ರಿಮೋಟಿಗೆ ಹಾಕುವ ಅಗ್ಗದ ಸೆಲ್ ಹಾಕಿದರೆ ಮೋಟಾರಿನ ಎಳೆತಕ್ಕೆ ಅದು ನಿಲ್ಲುವುದಿಲ್ಲ. ಚಾರ್ಜ್ ಮಾಡುವ ಸೆಲ್ ತಲಾ 1.2 ವೋಲ್ಟ್, ಆಲ್ಕಲೈನ್ 1.5. ಆ್ಯಪ್ ತೋರಿಸುವ ಶೇಕಡಾ ಲೆಕ್ಕ ಸಾಮಾನ್ಯವಾಗಿ ಆಲ್ಕಲೈನ್ ಅಂತ ಭಾವಿಸಿ ವೋಲ್ಟೇಜ್‌ನಿಂದ ಮಾಡುವ ಅಂದಾಜು, ಹಾಗಾಗಿ ಶೇಕಡಾ 40 ತೋರಿಸಿದರೂ ಇನ್ನೂ ಉಂಟು ಅಂತ ನಂಬಬೇಡಿ, ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಹಳೇದು ಎರಡು ಹೊಸದು ಎರಡು ಹಾಕುವ ಉಳಿತಾಯ ಇಲ್ಲಿ ನಡೆಯುವುದಿಲ್ಲ. ಸೆಲ್ ತೆಗೆದಾಗ ಒಳಗಿನ ಸ್ಪ್ರಿಂಗ್ ನೋಡಿ. ಮಲ್ಪೆ ಕಡೆಯ ಉಪ್ಪುಗಾಳಿಗೆ ಅಲ್ಲಿ ಹಸಿರು ಅಥವಾ ಬಿಳಿ ಕಿಲುಬು ಹಿಡಿದಿದ್ದರೆ ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಒರೆಸಿದರೆ ಸಾಕು.

ಇಷ್ಟು ಮಾಡಿಯೂ ಬೀಳುತ್ತಿದ್ದರೆ ಆಗ ವೈಫೈ ಕಡೆ ಬನ್ನಿ. ರೂಟರ್ ವೈಫೈಯನ್ನು 2.4 ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ಬ್ಯಾಂಡ್‌ಗಳಲ್ಲಿ ಕೊಡುತ್ತದೆ; ಬಹುಪಾಲು ಲಾಕ್‌ಗಳಿಗೆ 2.4 ಮಾತ್ರ ಗೊತ್ತು, 5 ಕಾಣುವುದೇ ಇಲ್ಲ. ರೂಟರ್ ಎರಡಕ್ಕೂ ಒಂದೇ ಹೆಸರು ಕೊಟ್ಟಿದ್ದರೆ ಅದರ ಸೆಟ್ಟಿಂಗ್‌ನಲ್ಲಿ 2.4ಕ್ಕೆ ಬೇರೆ ಹೆಸರಿಡಿ, ಪಾಸ್‌ವರ್ಡ್ ಭದ್ರತೆಯ ಬಗೆ ಡಬ್ಲ್ಯುಪಿಎ2 ಇರಲಿ, ಚಾನೆಲ್ 1, 6, 11ರಲ್ಲಿ ಒಂದಕ್ಕೆ ನಿಲ್ಲಿಸಿ. ಆಟೋದಲ್ಲಿ ಬಿಟ್ಟರೆ ಕೆಲವು ರೂಟರ್ 12, 13ಕ್ಕೆ ಹಾರುತ್ತದೆ, ಕೆಲವು ಲಾಕ್‌ಗೆ ಅದು ಸಿಗುವುದಿಲ್ಲ. ಮುರಕಲ್ಲಿನ ದಪ್ಪ ಗೋಡೆ ಮಳೆಗಾಲದಲ್ಲಿ ನೀರು ಹೀರಿಕೊಂಡರೆ ಸಿಗ್ನಲ್ ಇನ್ನೂ ಸೊರಗುತ್ತದೆ. ಬಾಗಿಲು ಹಾಕಿ, ಲಾಕಿನ ಪಕ್ಕ ಫೋನ್ ಹಿಡಿದು ಯಾವುದಾದರೂ ವೈಫೈ ಅಳೆಯುವ ಆ್ಯಪ್‌ನಲ್ಲಿ ನೋಡಲಿ: ಸಿಗ್ನಲ್ ಬಲದ ಅಂಕಿ (ಡಿಬಿಎಂ) ಮೈನಸ್ 60ರ ಆಸುಪಾಸು ಇದ್ದರೆ ಚೆನ್ನ, ಮೈನಸ್ 70 ದಾಟಿ ಮೈನಸ್ 80ರ ಕಡೆ ಹೋದರೆ ರೂಟರನ್ನು ಒಳಕೋಣೆಯಿಂದ ಚಾವಡಿಗೆ ತರಬೇಕು. ನಿಮ್ಮ ಲಾಕಿಗೆ ಪ್ಲಗ್‌ಗೆ ಚುಚ್ಚುವ ಗೇಟ್‌ವೇ ಡಬ್ಬಿ (ಲಾಕನ್ನು ವೈಫೈಗೆ ಜೋಡಿಸುವಂಥದ್ದು) ಉಂಟಾದರೆ, ಅದು ಬಾಗಿಲಿಂದ ನಾಲ್ಕೈದು ಮೀಟರ್ ಒಳಗೇ ಇರಲಿ, ಮಧ್ಯೆ ಗೋಡೆ ಬೇಡ.

ಇನ್ನೊಂದು, ಕರೆಂಟ್. ಮನೆಗೆ ಇನ್ವರ್ಟರ್ ಇದ್ದರೂ ರೂಟರ್ ಚುಚ್ಚಿದ ಪ್ಲಗ್ ಇನ್ವರ್ಟರ್ ಲೈನಿನಲ್ಲಿ ಇಲ್ಲದಿರುವುದು ತುಂಬಾ ಮನೆಗಳಲ್ಲಿ ನೋಡಿದ್ದೇನೆ. ಸಿಡಿಲಿನ ದಿನ ಕರೆಂಟ್ ಹೋಗಿ ಬಂದ ಮೇಲೆ ರೂಟರ್ ಏಳಲು ಎರಡು ಮೂರು ನಿಮಿಷ ಬೇಕು, ಕೆಲವು ಲಾಕ್ ಅಷ್ಟರಲ್ಲಿ ನಾಲ್ಕು ಸಲ ಕರೆದು ಸುಸ್ತಾಗಿ ಮಲಗಿಬಿಡುತ್ತದೆ. ರೂಟರಿನ ಅಡಾಪ್ಟರಿನಲ್ಲಿ 12 ವೋಲ್ಟ್ ಅಂತ ಇದ್ದರೆ ಅದಕ್ಕೊಂದು 12 ವೋಲ್ಟಿನ ಮಿನಿ ಯುಪಿಎಸ್ (ಕರೆಂಟ್ ಹೋದಾಗ ರೂಟರ್ ನಡೆಸುವ ಪುಟ್ಟ ಬ್ಯಾಟರಿ ಡಬ್ಬಿ) ಸಾಕು.

ಇದೆಲ್ಲ ಆಗುವವರೆಗೆ ಒಂದು ಕಬ್ಬಿಣದ ಕೀಲಿಕೈ ಪಕ್ಕದ ಮನೆಯಲ್ಲಿ ಇರಲಿ. ಎಲ್ಲ ಕೀಲಿಕೈಯೂ ಮನೆಯೊಳಗಿನ ಕಪಾಟಿನಲ್ಲೇ ಇಟ್ಟು ಹೊರಗೆ ನಿಂತವರನ್ನು ನಾನು ಕಂಡಿದ್ದೇನೆ (ಕಂಡದ್ದಲ್ಲ, ಅದು ನಾನೇ). ನೀವು ಅಲ್ಲಿಂದ ಆ್ಯಪ್‌ನಲ್ಲೇ ಬಾಗಿಲು ತೆಗೆಯಬೇಕು ಅಂತಿಲ್ಲ, ಕೆಲವು ಲಾಕ್‌ಗಳಿಗೆ ನೆಟ್ ಇಲ್ಲದೆಯೂ ನಡೆಯುವ ತಾತ್ಕಾಲಿಕ ಪಿನ್ ಕೊಡಬಹುದು, ನಿಮ್ಮದರಲ್ಲಿ ಉಂಟಾ ನೋಡಿ.

ಮೊದಲು ಅಮ್ಮನಿಗೆ ಫೋನ್ ಮಾಡಿ ಒಂದೇ ಮಾತು ಕೇಳಿ: ಈಗ ಬಾಗಿಲು ಹಾಕುವಾಗ ಭುಜ ಕೊಟ್ಟು ದೂಡಬೇಕಾ? ಹೌದು ಅಂದರೆ ಆಚಾರಿಗೆ ಹೇಳಿ. ಇಲ್ಲ ಅಂದರೆ ಲಾಕಿನ ಮಾಡೆಲ್, ಗೇಟ್‌ವೇ ಉಂಟಾ ಇಲ್ಲವಾ, ದಿನಾ ಎಷ್ಟು ಹೊತ್ತಿಗೆ ಆಫ್‌ಲೈನ್ ಆಗುತ್ತದೆ, ಈ ಮೂರು ಇಲ್ಲಿ ಬರೆಯಿರಿ, ನೋಡುವ.