ಹಳೇ ಈಕೋ ಕೊಂಡು ಕ್ಯಾಂಪರ್ ಮಾಡಿಸಬಹುದಾ?

ಪ್ರಶ್ನೆ: ನಾನು ಶಿರಸಿಯ ನಿವೃತ್ತ ಮೇಷ್ಟ್ರು. ನನಗೂ ನನ್ನ ಹೆಂಡತಿಗೂ ಊರೂರು ಸುತ್ತುವ ಆಸೆ. ಮಂಗಳೂರಿನವರೊಬ್ಬರು 2016ರ ಐದು ಸೀಟಿನ ಮಾರುತಿ ಈಕೋ ವ್ಯಾನ್ ಕೊಡುತ್ತೇನೆ ಅಂದಿದ್ದಾರೆ. ನಮ್ಮೂರ ಬಡಗಿ ಹಿಂದಿನ ಸೀಟು ಕಿತ್ತು, 18 ಎಂಎಂ ಪ್ಲೈವುಡ್‌ನಲ್ಲಿ ಮಂಚ, ಕಪಾಟು, ಸಿಂಕು, 60 ಲೀಟರ್ ಟ್ಯಾಂಕು ಎಲ್ಲ ಕೂರಿಸಿಕೊಡುತ್ತಾರಂತೆ. ಸಣ್ಣ ಫ್ರಿಜ್ಜೂ ಇರಲಿ ಅಂತ ಮನೆಯವಳ ಆಸೆ. ಮುಂದುವರಿಯಬಹುದೇ?

ಉತ್ತರ: ಮೇಷ್ಟ್ರೇ, ಗಾಡಿ ಗಟ್ಟಿಯಾಗಿದ್ದರೆ ತಗೊಳ್ಳಿ. ಬಡಗಿಗೆ ಮಾತ್ರ ಸ್ವಲ್ಪ ತಡೆಯಲು ಹೇಳಿ.

ಕರಾವಳಿಯ ಗಾಡಿ ಉಪ್ಪುಗಾಳಿ, ಮಳೆ ಎರಡನ್ನೂ ತಿಂದಿರುತ್ತದೆ. ಇಂಜಿನ್ ನೋಡಲು ಮೆಕ್ಯಾನಿಕ್ ಇದ್ದಾರೆ. ತುಕ್ಕು ನೀವೇ ನೋಡಿ. ಒಳಗಿನ ಮ್ಯಾಟ್ ಪೂರ್ತಿ ಎತ್ತಿಸಿ, ಸ್ಕ್ರೂಡ್ರೈವರ್ ಹಿಡಿಯಿಂದ ತಳ, ಹಿಂದಿನ ಚಕ್ರದ ಮೇಲಿನ ಗೂಡು, ಜಾರುಬಾಗಿಲಿನ ಕೆಳಗಿನ ಅಂಚು ತಟ್ಟುತ್ತಾ ಹೋಗಿ. ಟಣ್ ಅಂದರೆ ಸರಿ. ಡಬ್ ಅಂತ ಮಂಕಾಗಿ ಕೇಳಿದರೆ ಮೇಲೆ ಬಣ್ಣ, ಒಳಗೆ ಪುಡಿ. ಗಾಡಿಯಡಿಗೆ ಹೊಸದಾಗಿ ಕಪ್ಪು ಕೋಟಿಂಗ್ ಹೊಡೆಸಿದ್ದರೆ ಅನುಮಾನ ಇನ್ನೂ ಜಾಸ್ತಿ ಇರಲಿ.

ಇನ್ನು ಸೀಟು ಕೀಳುವ ವಿಚಾರ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೂ ಗಾಡಿ ತಯಾರಿಸಿದವರು ಕೊಟ್ಟ ಮೂಲ ವಿವರಕ್ಕೂ ತಾಳೆ ತಪ್ಪುವಂತೆ ಗಾಡಿ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಬಿಗಿಯಾಗಿ ಹೇಳಿದೆ. ಸೀಟು ಕಿತ್ತು, ಚಾವಣಿ ಕೊಯ್ದು, ಸಿಂಕು ಬಿಗಿದು ಕಾಯಂ ಕ್ಯಾಂಪರ್ ಮಾಡುವುದಾದರೆ ಮೊದಲು ಆರ್‌ಟಿಒ ಒಪ್ಪಿಗೆ ಬೇಕು. ಇಲ್ಲದಿದ್ದರೆ ಅಪಘಾತವಾದಾಗ ಇನ್ಶೂರೆನ್ಸ್‌ನವರೂ ತಕರಾರು ತೆಗೆಯಬಹುದು. ಇಬ್ಬರ ಓಡಾಟಕ್ಕೆ ಇಷ್ಟೆಲ್ಲ ಯಾಕೆ? ಸೀಟು ಅಲ್ಲೇ ಇರಲಿ. ಅದನ್ನು ಮಡಚಿದಾಗ ಎಷ್ಟು ಎತ್ತರ ನಿಲ್ಲುತ್ತದೋ ಅಷ್ಟೇ ಎತ್ತರಕ್ಕೆ ಹಿಂದೆ ಒಂದು ಪೆಟ್ಟಿಗೆ ಮಾಡಿಸಿ. ಮೇಲೆ ಹಾಸಿಗೆ, ಒಳಗೆ ಸಾಮಾನು. ಊರಿಗೆ ಬಂದ ಮೇಲೆ ಇಬ್ಬರು ಸೇರಿ ಎತ್ತಿ ಜಗಲಿ ಮೇಲಿಟ್ಟರೆ ಈಕೋ ಮತ್ತೆ ಈಕೋ. ಓಡುವಾಗ ಮಾತ್ರ ಪೆಟ್ಟಿಗೆಯನ್ನು ಬೆಲ್ಟಿನಿಂದ ಬಿಗಿದು ಕಟ್ಟಿ. ಬ್ರೇಕ್ ಒತ್ತಿದಾಗ ಅದು ಬಂದು ಬಡಿಯುವುದು ನಿಮ್ಮ ಬೆನ್ನಿಗೇ.

ತೂಕದ ಲೆಕ್ಕ ಮೇಷ್ಟ್ರಿಗೆ ನಾನು ಹೇಳಿಕೊಡಬೇಕಾ? ಇದು ಐದು ಜನರ ಗಾಡಿ, ನೀವಿಬ್ಬರು. ಬಾರದ ಆ ಮೂವರ ತೂಕ, ಅಂದರೆ 200 ಕೆ.ಜಿ. ಆಸುಪಾಸು, ನಿಮ್ಮ ಪೂರ್ತಿ ಬಜೆಟ್. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ 18 ಎಂಎಂ ಪ್ಲೈವುಡ್ ಹಾಳೆ ಒಂದೇ 30 ಕೆ.ಜಿ. ದಾಟುತ್ತದೆ. ಮೂರು ಹಾಳೆ, ತುಂಬಿದ ಟ್ಯಾಂಕು ಸೇರಿದರೆ 150 ಆಯಿತು. ಬ್ಯಾಟರಿ, ಒಲೆ, ಪಾತ್ರೆ, ಬಟ್ಟೆ ಇನ್ನೂ ಬಂದೇ ಇಲ್ಲ. ಘಾಟಿ ಇಳಿಯುವಾಗ ಬ್ರೇಕಿಗೆ ಈ ಲೆಕ್ಕ ಗೊತ್ತಾಗುತ್ತದೆ. ಪೆಟ್ಟಿಗೆಗೆ 12 ಎಂಎಂ ಸಾಕು. ಟ್ಯಾಂಕಿನ ಬದಲು 20 ಲೀಟರಿನ ಕ್ಯಾನು ಎರಡು ಇಟ್ಟುಕೊಳ್ಳಿ.

ಹಾಸಿಗೆಯಡಿಗೆ ಇಡೀ ಹಲಗೆ ಬೇಡವೇ ಬೇಡ. ನನ್ನ ಮೊದಲ ಗಾಡಿ ಹಳೇ ಓಮ್ನಿ. ಪ್ಲೈವುಡ್ ಮೇಲೆ ಹತ್ತಿ ಹಾಸಿಗೆ ಹಾಸಿ ಆಗುಂಬೆ ಕಡೆ ಮಳೆಯಲ್ಲಿ ನಾಲ್ಕು ರಾತ್ರಿ ಕಳೆದೆ. ಮನೆಗೆ ಬಂದು ಮಗುಚಿ ನೋಡಿದರೆ ಕೆಳಭಾಗ ಪೂರ್ತಿ ಕಪ್ಪು ಬೂಷ್ಟು! ಇಬ್ಬರ ಉಸಿರಿನ ತೇವ ತಗಡಿನ ಗೋಡೆಗೆ ತಾಗಿ ನೀರಾಗಿ ಇಳಿಯುತ್ತದೆ. ಬೆಳಿಗ್ಗೆ ಚಾವಣಿ ಮುಟ್ಟಿದರೆ ಅಂಗೈ ಒದ್ದೆ. ಹಾಗಾಗಿ ಎರಡೆರಡು ಬೆರಳು ಸಂದಿ ಬಿಟ್ಟು ಸಿಲ್ವರ್ ಓಕ್ ಪಟ್ಟಿ ಹೊಡೆಸಿ, ಕೆಳಗೆ ಗಾಳಿಯಾಡಲಿ. ಎದುರುಬದುರಿನ ಕಿಟಕಿ ಒಂದೊಂದು ಅಂಗುಲ ತೆರೆದು ಸೊಳ್ಳೆ ಪರದೆ ಹಾಕಿ. ತಲೆ ಹಿಂಬಾಗಿಲ ಕಡೆಗಿರಲಿ. ಈಕೋದ ಇಂಜಿನ್ ಮುಂದಿನ ಸೀಟಿನ ಅಡಿಯಲ್ಲಿರುತ್ತದೆ. ಇಡೀ ದಿನ ಓಡಿಸಿ ನಿಲ್ಲಿಸಿದ ಮೇಲೂ ಅದರ ಕಾವು ಸುಮಾರು ಹೊತ್ತು ಮೇಲೇಳುತ್ತಿರುತ್ತದೆ.

ಕರೆಂಟು ಸುಲಭ. ಫ್ಯಾನು 20 ವ್ಯಾಟ್, ರಾತ್ರಿ ಎಂಟು ತಾಸು ಓಡಿದರೆ 160 ವ್ಯಾಟ್-ಅವರ್. ಲೈಟು, ಎರಡು ಫೋನು ಸೇರಿದರೆ 240. 12 ವೋಲ್ಟಿನ, 50 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಸುಮಾರು 640 ಇರುತ್ತದೆ. ಎರಡು ರಾತ್ರಿ ಆರಾಮ. ಫ್ಯೂಸನ್ನು ಬ್ಯಾಟರಿಯ ಪಕ್ಕದಲ್ಲೇ ಹಾಕಿಸಿ. ಫ್ರಿಜ್ ಇಟ್ಟರೆ ಬೇಸಿಗೆಯಲ್ಲಿ ಅದೊಂದೇ ದಿನಕ್ಕೆ ಅರ್ಧ ಯೂನಿಟ್, ಅಂದರೆ 500 ವ್ಯಾಟ್-ಅವರ್ ಕುಡಿಯಬಹುದು. ಆಗ ದೊಡ್ಡ ಬ್ಯಾಟರಿ, ಸೋಲಾರ್ ಪ್ಯಾನೆಲ್, ಮತ್ತೆ ತೂಕ. ಅಮ್ಮಾವ್ರಿಗೆ ಬೇಜಾರಾಗದಿದ್ದರೆ ಮೊದಲೆರಡು ಪ್ರವಾಸಕ್ಕೆ ಐಸ್ ಪೆಟ್ಟಿಗೆ ಸಾಕು. ಹಾಲು, ಮೊಸರು ದಾರಿಯಲ್ಲಿ ಎಲ್ಲ ಊರಲ್ಲೂ ಸಿಗುತ್ತದೆ ಅಲ್ವಾ?

ಪ್ರಶ್ನೆ: ಮನೆಯ ಗ್ಯಾಸ್ ಸಿಲಿಂಡರನ್ನೇ ವ್ಯಾನಿನಲ್ಲಿಟ್ಟು ಒಳಗೆ ಅಡುಗೆ ಮಾಡಬಹುದೇ? ಸೆಕೆಯಾದರೆ ಇಂಜಿನ್ ಚಾಲೂ ಇಟ್ಟು ಎಸಿ ಹಾಕಿ ಮಲಗಬಹುದೇ? (ದಾವಣಗೆರೆಯ ಓದುಗರು)

ಉತ್ತರ: ಎರಡೂ ಬೇಡ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಹೊರಗೆ ಹೋಗದೆ ನೀವು ಮಲಗಿದ ಕಡೆ ತಳದಲ್ಲೇ ಕೂರುತ್ತದೆ. 5 ಕೆ.ಜಿ.ಯ ಸಣ್ಣ ಸಿಲಿಂಡರ್ ತಗೊಳ್ಳಿ. ಹಿಂಬಾಗಿಲು ಮೇಲಕ್ಕೆ ತೆರೆಯುವ ವ್ಯಾನಾದರೆ ಅದೇ ಛತ್ರಿ. ಅದರಡಿ ನೆಲದ ಮೇಲೆ ನಿಂತು ಅಡುಗೆ ಮಾಡಿ. ರಾತ್ರಿ ಸಿಲಿಂಡರನ್ನು ಒಳಗಿಡಬೇಡಿ.

ಎಸಿ ವಿಚಾರದಲ್ಲಿ ತಮಾಷೆ ಬೇಡ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಪಕ್ಕ ನಿಂತಿದ್ದ ಕ್ಯಾರವಾನ್‌ನೊಳಗೆ ಇಬ್ಬರು ಸತ್ತಿದ್ದರು. ಜನರೇಟರ್‌ನ ಹೊಗೆಯಲ್ಲಿದ್ದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ತಳದ ಸಂದಿಯಿಂದ ಒಳಗೆ ನುಗ್ಗಿತ್ತು. ಗಾಡಿಯ ಇಂಜಿನ್ ಹೊಗೆಯಲ್ಲೂ ಅದೇ ಇರುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ನಿದ್ದೆಯಲ್ಲಿರುವವರಿಗೆ ಎಚ್ಚರವೇ ಆಗುವುದಿಲ್ಲ. ಈ ಅನಿಲ ಪತ್ತೆಹಚ್ಚಿ ಕೂಗುವ, ಬ್ಯಾಟರಿಯಲ್ಲಿ ನಡೆಯುವ ಅಲಾರಂ ಆನ್‌ಲೈನ್‌ನಲ್ಲಿ ಸಿಗುತ್ತದೆ. ಪರದೆ, ಕುಶನ್ನಿಗಿಂತ ಮೊದಲು ಅದನ್ನು ತಂದು ದಿಂಬಿನ ಹತ್ತಿರ ಹಾಕಿ. ಸೆಕೆ ಜಾಸ್ತಿಯಾದರೆ ಫ್ಯಾನ್ ಹಾಕಿ, ಇಲ್ಲಾ ಅವತ್ತೊಂದು ರಾತ್ರಿ ಲಾಡ್ಜ್ ಹಿಡಿಯಿರಿ.