ಗೋಡೆಗಿಂತ ಮೊದಲು ಸಾಮಾನು ಅಳೆಯಿರಿ: ಕಪಾಟು ಮಾಡಿಸುವ ಪ್ರಶ್ನೆಗೆ ನನ್ನ ಉತ್ತರ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮೂರು ಜಾಗ ಹೇಳಿದ್ದೀರಿ. ಅಡುಗೆಮನೆಯ ಒಂದು ಗೋಡೆ, 2740 ಮಿ.ಮೀ ಉದ್ದ. ಮಲಗುವ ಕೋಣೆಯಲ್ಲಿ ಗೋಡೆಯೊಳಗೆ ಸರಿದ ಗೂಡು, ಆಳ 480 ಮಿ.ಮೀ, ಅದರಲ್ಲಿ ಮೇಲೆ ಪುಸ್ತಕ, ಕೆಳಗೆ ಬಟ್ಟೆ. ಕೊನೆಗೆ ಮೆಟ್ಟಿಲ ಕೆಳಗಿನ ಜಾಗ. ಎಲ್ಲವನ್ನೂ ಅಳತೆ ಕೊಟ್ಟು ಮಾಡಿಸೋಣ ಅಂತ ಮನೆಯಲ್ಲಿ ಒಬ್ಬರು, ರೆಡಿಮೇಡ್ ತಂದು ಜೋಡಿಸೋಣ ಅಂತ ಇನ್ನೊಬ್ಬರು. ಇಲ್ಲಿ ಉತ್ತರ ಬರೆದವರೂ ಹಾಗೇ ಎರಡು ಪಕ್ಷ ಆಗಿದ್ದಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ನಿಮ್ಮ ಮೂರು ಜಾಗದಲ್ಲಿ ಒಂದಕ್ಕೆ ರೆಡಿಮೇಡ್ ಸಾಕು, ಒಂದಕ್ಕೆ ಮಾಡಿಸಲೇಬೇಕು, ಇನ್ನೊಂದನ್ನು ನೀವೇ ಮಾಡಬಹುದು.

ಮೊದಲು ಅಡುಗೆಮನೆ. "ಗೋಡೆಗೆ ಕರೆಕ್ಟಾಗಿ ಕೂರಲ್ಲ" ಅನ್ನೋದು ನಿಮ್ಮ ಚಿಂತೆ. ಲೆಕ್ಕ ಹಾಕಿ ನೋಡಿ. ರೆಡಿಮೇಡ್ ಕಪಾಟಿನ ಪೆಟ್ಟಿಗೆಗಳು ಸಾಮಾನ್ಯವಾಗಿ 300, 400, 450, 600, 800 ಮಿ.ಮೀ ಅಗಲ ಹೀಗೆ ಬರುತ್ತವೆ. 600ರದ್ದು ನಾಲ್ಕು, 300ರದ್ದು ಒಂದು ಇಟ್ಟರೆ 2700. ಉಳಿದದ್ದು 40 ಮಿ.ಮೀ. ಅಂದರೆ ಎರಡು ಬೆರಳಿನಷ್ಟು ಜಾಗ! ಅದೂ ನಷ್ಟ ಅಲ್ಲ. ಮೂಲೆಯ ಪಕ್ಕದಲ್ಲಿ ಒಂದು ಪಟ್ಟಿ ಹೇಗೂ ಬೇಕು. ಅದಿಲ್ಲದಿದ್ದರೆ ಕೊನೆಯ ಬಾಗಿಲು ಪೂರ್ತಿ ತೆರೆಯಲ್ಲ, ಹಿಡಿ ಹೋಗಿ ಗೋಡೆಗೆ ಬಡಿಯುತ್ತದೆ. ಮಾಡಿಸಿದರೂ ಒಳ್ಳೆ ಕೆಲಸಗಾರ ಅಲ್ಲಿ ಪಟ್ಟಿ ಬಿಟ್ಟೇ ಬಿಡುತ್ತಾನೆ. ಹಾಗಾದರೆ ಜಾಸ್ತಿ ದುಡ್ಡು ಕೊಟ್ಟು ನೀವು ಪಡೆಯೋದು ಏನು?

ನೀವು 6 ಅಡಿ 1 ಇಂಚು, ಈಗಿನ ಕಟ್ಟೆ ಮುಂದೆ ಬಗ್ಗಿ ಬೆನ್ನು ನೋಯುತ್ತೆ ಅಂದಿದ್ದೀರಿ. ಇದು ನಿಜವಾದ ಕಾರಣ, ಗೋಡೆ ಅಲ್ಲ. ನೇರ ನಿಂತು ಮೊಣಕೈ ಮಡಚಿ, ನೆಲದಿಂದ ಮೊಣಕೈವರೆಗೆ ಅಳೆಯಿರಿ. ಅದರಲ್ಲಿ 100ರಿಂದ 150 ಮಿ.ಮೀ ಕಳೆಯಿರಿ. ಅದು ನಿಮ್ಮ ಕಟ್ಟೆಯ ಎತ್ತರ. ನಿಮಗೆ ಅದು 1000 ದಾಟಬಹುದು. ಮಾಮೂಲಿ ಕಟ್ಟೆ 850ರಿಂದ 900. ಆದರೆ ಇದಕ್ಕೂ ಪೆಟ್ಟಿಗೆ ಬದಲಿಸಬೇಕಿಲ್ಲ, ಅಡಿಯ ಕಾಲು ಬದಲಿಸಿದರೆ ಆಯಿತು. ರೆಡಿಮೇಡ್ ಪೆಟ್ಟಿಗೆಗಳು ಸುಮಾರು 100 ಮಿ.ಮೀ ಎತ್ತರದ, ತಿರುಗಿಸಿ ಹೊಂದಿಸುವ ಪ್ಲಾಸ್ಟಿಕ್ ಕಾಲಿನ ಮೇಲೆ ನಿಲ್ಲುತ್ತವೆ. 150ರ ಕಾಲು ಸಿಗುತ್ತದೆ. ಅದೂ ಸಾಲದಿದ್ದರೆ ಕೆಳಗೆ ಗಟ್ಟಿ ಚೌಕಟ್ಟು ಕಟ್ಟಿ ಅದರ ಮೇಲೆ ಕೂರಿಸಿ. ಮುಂದೆ ಒಂದು ಅಡಿಪಟ್ಟಿ ಹೊಡೆದರೆ ಯಾರಿಗೂ ಗೊತ್ತಾಗಲ್ಲ. ಒಂದು ಎಚ್ಚರಿಕೆ: ಮನೆಯಲ್ಲಿ ಕುಳ್ಳಗಿನವರೂ ಅಷ್ಟೇ ಹೊತ್ತು ಅಲ್ಲಿ ಕೆಲಸ ಮಾಡುತ್ತಾರಾದರೆ ಪೂರ್ತಿ ಕಟ್ಟೆ ಎತ್ತರಿಸಬೇಡಿ. ಒಂದು ಭಾಗ ಮಾತ್ರ ಎತ್ತರಿಸಿ.

ಒಂದೇ ಅಳತೆಯಲ್ಲಿ ಸಾಲಾಗಿ ತಯಾರಾದದ್ದು ಯಾರಿಗೂ ಹೊಂದಲ್ಲ ಅಂತ ಮೇಲೆ ಒಬ್ಬರು ಬರೆದಿದ್ದಾರೆ. ಅದಕ್ಕೊಂದು ಮಾತು. ಇವತ್ತಿನ ಜೋಡಿಸಿದ ಅಡುಗೆಮನೆಯ ಮೂಲ ಅಂತ ಹೇಳುವ ಫ್ರಾಂಕ್‌ಫರ್ಟ್ ಅಡುಗೆಮನೆಯನ್ನು ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ಅನ್ನುವ ವಾಸ್ತುಶಿಲ್ಪಿ 1926ರಲ್ಲಿ ರೂಪಿಸಿದರು. ಜರ್ಮನಿಯ ಆ ಊರಿನ ಸುಮಾರು 10,000 ಮನೆಗಳಿಗೆ ಹೆಚ್ಚು ಕಡಿಮೆ ಅದೇ ನಕ್ಷೆ. ಆದರೂ ಕೆಲಸಕ್ಕೆ ಹೊಂದಿಕೊಂಡಿತು. ಯಾಕೆಂದರೆ ಅವರು ಗೋಡೆಯಿಂದ ಶುರು ಮಾಡಲಿಲ್ಲ. ಅಲ್ಲಿ ನಿಂತು ಕೆಲಸ ಮಾಡುವವರ ಕೈ ಎಲ್ಲಿಗೆ ಹೋಗುತ್ತೆ, ಎಷ್ಟು ಹೆಜ್ಜೆ ನಡೆಯುತ್ತಾರೆ, ಅಲ್ಲಿಂದ ಶುರು ಮಾಡಿದರು.

ನೀವೂ ಅದನ್ನೇ ಮಾಡಿ. ಇರುವ ಸಾಮಾನೆಲ್ಲ ಹೊರಗೆ ತೆಗೆದು ನೆಲದ ಮೇಲೆ ಹರಡಿ. ಅತಿ ಎತ್ತರದ್ದು ಯಾವುದು, ಅತಿ ಅಗಲದ್ದು ಯಾವುದು, ದಿನಾ ಬೇಕಾದದ್ದು ಯಾವುದು, ವರ್ಷಕ್ಕೊಮ್ಮೆ ಮುಟ್ಟುವುದು ಯಾವುದು. ಅಳೆದು ಬರೆದುಕೊಳ್ಳಿ. ನಾನು ಹೀಗೆ ಮಾಡಿದಾಗ ಕಾಲು ಭಾಗ ಸಾಮಾನು ಮನೆಯಿಂದಲೇ ಹೊರಗೆ ಹೋಯಿತು. ಎರಡು ಪೆಟ್ಟಿಗೆಯ ಖರ್ಚು ಉಳಿಯಿತು.

ಈಗ ಮಲಗುವ ಕೋಣೆಯ ಗೂಡು. ಇದನ್ನು ಮಾಡಿಸಿ. ರೆಡಿಮೇಡ್ ಬಟ್ಟೆ ಬೀರು ಸಾಮಾನ್ಯವಾಗಿ 600 ಆಳ ಇರುತ್ತದೆ, ಹ್ಯಾಂಗರಿಗೆ ಹಾಕಿದ ಬಟ್ಟೆ ಅಡ್ಡಲಾಗಿ ಕೂರಬೇಕಲ್ವಾ. ನಿಮ್ಮ 480ರ ಗೂಡಿನಿಂದ ಅದು 120 ಹೊರಗೆ ಚಾಚುತ್ತದೆ. ನೀವು ಮೂರು ಕಡೆ ಅಗಲ ಅಳೆದು ಹಾಕಿದ್ದೀರಿ, ಒಳ್ಳೆಯದು: ಮೇಲೆ 1130, ನಡುವೆ 1118, ಕೆಳಗೆ 1125. ಇಲ್ಲಿ ಲೆಕ್ಕಕ್ಕೆ ಬರುವುದು ಅತಿ ಚಿಕ್ಕದು, 1118. ಅದಕ್ಕೆ ಸರಿಯಾಗಿ 1118 ಅಂತ ಹೇಳಿ ಮಾಡಿಸಿದರೆ ಪೆಟ್ಟಿಗೆ ಒಳಗೇ ಹೋಗಲ್ಲ. 1080 ಮಾಡಿಸಿ. ಎರಡೂ ಬದಿಗೆ ಸುಮಾರು 20ರ ಜಾಗ ಉಳಿಯುತ್ತದೆ. ಅಲ್ಲಿ ಪಟ್ಟಿ ಇಟ್ಟು, ಗೋಡೆಯ ಡೊಂಕು ಹೇಗಿದೆಯೋ ಹಾಗೇ ಗೆರೆ ಎಳೆದು, ಹೆರೆದು ಕೂರಿಸುತ್ತಾರೆ. ಮೇಲೆ ಅಗಲ ಜಾಸ್ತಿ ಇರುವುದರಿಂದ ಪಟ್ಟಿ ಸ್ವಲ್ಪ ಅಗಲವಾಗಿಯೇ ಇರಲಿ. ಹೆರೆಯೋದು ಸುಲಭ, ಸೇರಿಸೋದು ಆಗದ ಮಾತು.

ಬಟ್ಟೆಗೆ ಏನು ಮಾಡೋದು? ನಡುವೆ ಒಂದು ನಿಲುಹಲಗೆ ಹಾಕಿಸಿ. 18ರ ಹಲಗೆ ಆದರೆ ಒಂದೊಂದು ಖಾನೆ ಸುಮಾರು 510 ಅಗಲ ಬರುತ್ತದೆ. ಅದರಲ್ಲಿ ರಾಡನ್ನು ಅಡ್ಡ ಹಾಕದೆ ಹಿಂದಿನಿಂದ ಮುಂದಕ್ಕೆ, ಎಳೆಯುವ ಥರದ್ದು ಹಾಕಿಸಿ. ಆಗ ಹ್ಯಾಂಗರ್ ಖಾನೆಯ ಅಗಲಕ್ಕೆ ಕೂರುತ್ತದೆ, ಆಳ ಕಡಿಮೆಯಾದರೂ ನಡೆಯುತ್ತದೆ. ತುಂಬ ಬಟ್ಟೆ ಹಿಡಿಯಲ್ಲ. ಅದಕ್ಕೆ ಕೆಳಗೆ ಡ್ರಾಯರ್ ಇರಲಿ.

ಆ ನಿಲುಹಲಗೆ ಪುಸ್ತಕಕ್ಕೂ ಬೇಕು. 1080ರಲ್ಲಿ ಎರಡು ಬದಿಯ 18ರ ಹಲಗೆ ಕಳೆದರೆ ಒಳಗೆ 1044. ಅಷ್ಟು ಉದ್ದದ ಒಂದೇ ಹಲಗೆಯ ಮೇಲೆ ಪುಸ್ತಕ ಜೋಡಿಸಿದರೆ ಅದು ಬಾಗಿಯೇ ಬಾಗುತ್ತದೆ. ಉದ್ದಕ್ಕೂ ಒಂದೇ ಸಮ ಭಾರ ಇದ್ದಾಗ, ಆಧಾರವಿಲ್ಲದ ಉದ್ದ ಎರಡು ಪಟ್ಟಾದರೆ ಬಾಗು 16 ಪಟ್ಟಾಗುತ್ತದೆ. ಎರಡು ಅಲ್ಲ, ನಾಲ್ಕೂ ಅಲ್ಲ, 16. ನಡುವೆ ಆಧಾರ ಕೊಟ್ಟಿರೋ, ಅದೇ ಲೆಕ್ಕ ಉಲ್ಟಾ ಹೊಡೆದು ಬಾಗು 16ನೇ ಒಂದಕ್ಕೆ ಇಳಿಯುತ್ತದೆ. ಹಲಗೆ ದಪ್ಪ ಮಾಡಿಸಿದರೂ ಆಗುತ್ತೆ, ದಪ್ಪ ಎರಡರಷ್ಟಾದರೆ ಬಿಗಿ ಎಂಟರಷ್ಟು. ಆದರೆ ನಿಲುಹಲಗೆಯೇ ಅಗ್ಗ.

ಇನ್ನೊಂದು ವಿಷಯ, ನಾನು ಪೆಟ್ಟು ತಿಂದು ಕಲಿತದ್ದು. ಚಾವಣಿಗೆ 50 ಮಿ.ಮೀ ಕಡಿಮೆ ಇರಲಿ ಅಂತ 2400 ಎತ್ತರ, 600 ಆಳದ ಬೀರು ಮಾಡಿಸಿದೆ. ಚಾವಣಿ 2450. ಒಂದೇ ಪೆಟ್ಟಿಗೆಯಾಗಿ ಮಲಗಿಸಿಕೊಂಡು ತಂದರು. ನಾಲ್ಕು ಜನ ಸೇರಿ ಎತ್ತಿ ನಿಲ್ಲಿಸಲು ಹೋದರೆ ನಿಲ್ಲಲೇ ಇಲ್ಲ! ನಿಂತ ಮೇಲೆ 2400, ನಿಜ. ಆದರೆ ಎತ್ತುವಾಗ ಮೂಲೆಯಿಂದ ಮೂಲೆಗೆ 2474 ಬೇಕು. ಚಾವಣಿಗೆ ಗೀರು ಬಿತ್ತು, ಬೀರು ವಾಪಸ್ ಹೋಯಿತು, ಎರಡು ತುಂಡಾಗಿ ಬಂತು. ಮಾಡಿದವರದ್ದು ತಪ್ಪಾ, ನನ್ನದಾ ಅಂತ ಒಂದು ವಾರ ವಾದ. ನಿಮ್ಮ ಚಾವಣಿಯೂ 2450 ಅಂದಿದ್ದೀರಿ. ಅದೇ 2400 ಎತ್ತರ, 450 ಆಳದ ಬೀರಿಗೆ ಆ ಮೂಲೆಯಿಂದ ಮೂಲೆಯ ಅಳತೆ 2442 ಆಗುತ್ತದೆ. 8 ಮಿ.ಮೀ ನಂಬಿಕೊಂಡು ಕೂರಬೇಡಿ. ಮೊದಲೇ ಎರಡು ಪೆಟ್ಟಿಗೆ ಮಾಡಿಸಿ, ಕೆಳಗೆ ಬಟ್ಟೆಯದ್ದು, ಮೇಲೆ ಪುಸ್ತಕದ್ದು. ಎರಡನ್ನೂ ಗೋಡೆಗೆ ಬಿಗಿಸಿ. ಮೆಟ್ಟಿಲ ತಿರುವಿನಲ್ಲಿ ಸಾಗಿಸಲೂ ಸುಲಭ.

ಅಳತೆ ಹೇಳುವಾಗ ಹಲಗೆಯ ಲೆಕ್ಕವೂ ತಲೆಯಲ್ಲಿರಲಿ. ಇಡೀ ಹಲಗೆ ಸಾಮಾನ್ಯವಾಗಿ 8 ಅಡಿ, 4 ಅಡಿ. ಅಂದರೆ 2440, 1220. ಗರಗಸ ಒಂದು ಸಲ ಹಾದರೆ ಸುಮಾರು 3 ಮಿ.ಮೀ ಪುಡಿಯಾಗುತ್ತದೆ. 600 ಆಳ ಅಂದರೆ ಒಂದು ಹಲಗೆಯ ಅಗಲದಲ್ಲಿ ಎರಡು ಪಟ್ಟಿ ನೀಟಾಗಿ ಬರುತ್ತವೆ. "ಸ್ವಲ್ಪ ದೊಡ್ಡದಿರಲಿ" ಅಂತ 620 ಅಂದಿರೋ, ಎರಡನೆಯ ಪಟ್ಟಿ 597 ಮಾತ್ರ. ಅದು ಆ ಕೆಲಸಕ್ಕೆ ಬಾರದು. 20 ಮಿ.ಮೀ ಆಸೆಗೆ ಅರ್ಧ ಹಲಗೆಯ ದುಡ್ಡು ತೆತ್ತಂತೆ. ಮಾಡಿಸಿದ್ದು ದುಬಾರಿಯಾಗೋದು ಎಷ್ಟೋ ಸಲ ಇಂಥ ಕಡೆ.

ಹಲಗೆ ಯಾವುದು ಅಂತ ಇಲ್ಲಿ ದೊಡ್ಡ ಜಗಳ ನಡೆದಿದೆ. ನಾನು ಚಿಕ್ಕದಾಗಿ ಹೇಳುತ್ತೇನೆ. ಎಲ್ಲ ಕಡೆ ಒಂದೇ ಹಲಗೆ ಬೇಕಿಲ್ಲ. ಸಿಂಕಿನ ಕೆಳಗೆ ಒಳ್ಳೆ ಪ್ಲೈವುಡ್, ಅದೂ ಫಿನಾಲ್ ಅಂಟಿನದ್ದು. ಯೂರಿಯಾ ಅಂಟು ಸತತ ತೇವ ತಡೆಯಲ್ಲ, ಪದರ ಬಿಡುತ್ತದೆ. ಒಣ ಕೋಣೆಯ ಪೆಟ್ಟಿಗೆಗೆ ಪಾರ್ಟಿಕಲ್ ಬೋರ್ಡ್ (ಮರದ ಚೂರು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ) ನಡೆಯುತ್ತದೆ, ಆದರೆ ಅಂಚೆಲ್ಲ ಮುಚ್ಚಿರಬೇಕು. ಅದರಲ್ಲಿ ಸ್ಕ್ರೂ ಒಂದು ಸಲ ಬಿಚ್ಚಿದರೆ ಎರಡನೇ ಸಲ ಅಷ್ಟು ಹಿಡಿಯಲ್ಲ. ಮನೆ ಬದಲಿಸುವವರು ಇದನ್ನು ಯೋಚಿಸಬೇಕು. ಬಣ್ಣ ಹೊಡೆಸುವ ಬಾಗಿಲಿಗೆ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ನುಣುಪು ಹಲಗೆ) ಚೆನ್ನ. ಅಪ್ಪಟ ಮರದ ಬಾಗಿಲೇ ಬೇಕು ಅಂದರೆ ಚೌಕಟ್ಟಿನೊಳಗೆ ಸಡಿಲವಾಗಿ ಕೂರುವ ಹಲಗೆ ಇರಲಿ. ಮರ ಗಾಳಿಯ ತೇವಕ್ಕೆ ಅಡ್ಡಲಾಗಿ ಹಿಗ್ಗಿ ಕುಗ್ಗುತ್ತದೆ. ಅಂಟು ಹಾಕಿ ಕಟ್ಟಿಹಾಕಿದರೆ ಸೀಳುತ್ತದೆ.

ಹಿಂಜ್ ಮತ್ತು ಡ್ರಾಯರ್ ಚಾನೆಲ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಕಪಾಟಿನಲ್ಲಿ ದಿನಾ ಅಲ್ಲಾಡುವುದು ಅವೆರಡೇ. ಬಾಗಿಲಿಗೆ ಮಾಮೂಲಿ 35 ಮಿ.ಮೀ ಬಟ್ಟಲಿನ ಹಿಂಜ್ (ಬಾಗಿಲಿನ ಒಳಮೈಯ ಗುಂಡು ಗುಳಿಯಲ್ಲಿ ಕೂರುವಂಥದ್ದು), ಪೆಟ್ಟಿಗೆಯ ಒಳಗೆ 32 ಮಿ.ಮೀಗೊಂದರಂತೆ 5 ಮಿ.ಮೀ ತೂತಿನ ಸಾಲು, ಇಷ್ಟು ಕೇಳಿ ಮಾಡಿಸಿ. ಹತ್ತು ವರ್ಷ ಬಿಟ್ಟು ಹಿಂಜ್ ಹೋದರೆ ಯಾವ ಕಂಪನಿಯದ್ದಾದರೂ ತಂದು ಕೂರಿಸಬಹುದು. ಮಾಡಿಸಿದ್ದು ಅಂದ ಮಾತ್ರಕ್ಕೆ ಒಳಗಿನ ತೂತೂ ಬೇರೆ ಯಾರಲ್ಲೂ ಇಲ್ಲದ ಹಾಗೆ ಇರಬೇಕಿಲ್ಲ.

ಅತಿ ಕರಾರುವಾಕ್ಕಾಗಿ ಮಾಡಿಸುವುದರಲ್ಲೂ ಒಂದು ಅಪಾಯ ಇದೆ. ನನ್ನ ಪರಿಚಯದ ಒಬ್ಬರು ಬಟ್ಟೆ ಒಗೆಯುವ ಯಂತ್ರಕ್ಕೆ ಅಳತೆ ತೆಗೆದು ಗೂಡು ಮಾಡಿಸಿದರು, ನೋಡಲು ಅಚ್ಚು ಹೊಯ್ದ ಹಾಗಿತ್ತು. ಯಂತ್ರ ಕೆಟ್ಟಿತು. ಹೊಸದು 15 ಮಿ.ಮೀ ಅಗಲ ಜಾಸ್ತಿ. ಈಗ ಆ ಗೂಡಿನಲ್ಲಿ ಪೊರಕೆ ಇದೆ. ಯಂತ್ರ, ಟಿವಿ, ಫ್ರಿಜ್ ಇವುಗಳ ಸುತ್ತ ಧಾರಾಳವಾಗಿ ಜಾಗ ಬಿಡಿ.

ಮಾಡುವವರ ಹತ್ತಿರ ಮಾತಾಡುವಾಗ ನಾನು ಮೊದಲು ಕೇಳುವುದು ಬೆಲೆ ಅಲ್ಲ. "ಅಳತೆ ಯಾರು ತೆಗೆಯುತ್ತಾರೆ?" ಅಂತ. ನೀವು ಅಳೆದು ಕೊಟ್ಟರೆ ತಪ್ಪಿದ್ದಕ್ಕೆಲ್ಲ ನೀವೇ ಹೊಣೆ. ಅವರೇ ಬಂದು ಅಳೆದರೆ ಹೊಣೆ ಅವರದ್ದು. ಇದನ್ನು ಬರವಣಿಗೆಯಲ್ಲಿ ಇಟ್ಟುಕೊಳ್ಳಿ. ಮಾತು ಮನೆ ಕೆಡಿಸಿತು ಅನ್ನೋ ಗಾದೆ ಇಂಥದ್ದಕ್ಕೇ ಇರಬೇಕು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಹಲಗೆಯ ಹೆಸರು, ದಪ್ಪ, ಹಿಂಬದಿಯ ಹಲಗೆಯ ದಪ್ಪ, ಹಿಂಜಿನ ಕಂಪನಿ, ಅಳತೆ ಇರುವ ನಕ್ಷೆ, ಎಲ್ಲ ಕಾಗದದ ಮೇಲೆ ಬರಲಿ. ನೆಲದ ಟೈಲ್ಸ್ ಕೆಲಸ ಬಾಕಿ ಇದ್ದರೆ ಅದು ಮುಗಿದ ಮೇಲೇ ಕೊನೆಯ ಅಳತೆ. ಟೈಲ್ಸ್ ಕೂತ ಮೇಲೆ ನೆಲ ಮೇಲೆ ಬರುತ್ತದೆ, ಎತ್ತರದ ಲೆಕ್ಕವೆಲ್ಲ ಬದಲಾಗುತ್ತದೆ.

ಅವರು ಹೊಸ ಕೆಲಸದ ಫೋಟೋ ತೋರಿಸುತ್ತಾರೆ. ಹೊಸದು ಎಲ್ಲರದ್ದೂ ಚೆನ್ನಾಗಿರುತ್ತದೆ. ಐದು ವರ್ಷ ಹಿಂದೆ ಮಾಡಿದ್ದು ಎಲ್ಲಿದೆ ಕೇಳಿ, ಸಾಧ್ಯವಾದರೆ ಹೋಗಿ ನೋಡಿ. ಸಿಂಕಿನ ಕೆಳಗಿನ ಹಲಗೆಯ ಅಂಚನ್ನು ಬೆರಳಿನಿಂದ ಸವರಿ, ಉಬ್ಬಿದೆಯಾ ಅಂತ. ತುಂಬಿದ ಡ್ರಾಯರನ್ನು ಪೂರ್ತಿ ಎಳೆಯಿರಿ, ಮೂತಿ ಕೆಳಗೆ ಹೋಗುತ್ತಾ ನೋಡಿ. ಹತ್ತು ಫೋಟೋ ಹೇಳದ್ದನ್ನು ಅದು ಹೇಳುತ್ತದೆ. ಹಣದ ಕೊನೆಯ ಕಂತನ್ನು ಕೂರಿಸಿದ ದಿನವೇ ಕೊಡಬೇಡಿ. ಎರಡು ವಾರ ಬಾಗಿಲು ತೆರೆದು ಮುಚ್ಚಿ, ಆಮೇಲೆ ಕೊಡುತ್ತೇನೆ ಅಂತ ಮೊದಲೇ ಮಾತಾಡಿಕೊಳ್ಳಿ. ಲ್ಯಾಮಿನೇಟ್ ಒಂದು ತುಂಡು ಉಳಿದರೆ ಕೇಳಿ ಇಟ್ಟುಕೊಳ್ಳಿ, ಮುಂದೆ ಅದೇ ಬಣ್ಣ ಸಿಗುತ್ತೆ ಅಂತ ಇಲ್ಲ.

ಉಳಿದದ್ದು ಮೆಟ್ಟಿಲ ಕೆಳಗೆ. ಅಲ್ಲಿ ನೀವು ಇಡೋದು ಚಪ್ಪಲಿ, ಉಪಕರಣದ ಪೆಟ್ಟಿಗೆ, ಹಳೇ ಸಾಮಾನು. ಅದಕ್ಕೆ ದುಬಾರಿ ಕೆಲಸ ಮಾಡಿಸೋದು ಮೂಗಿಗಿಂತ ಮೂಗುತಿ ಭಾರ ಆದ ಹಾಗೆ. ಬಾಗಿಲು ಇಡುವ ಯೋಚನೆಯೂ ಬಿಡಿ. ಅಷ್ಟು ಆಳದ ಜಾಗದಲ್ಲಿ ಹಿಂದೆ ಹೋದ ಸಾಮಾನು ಮತ್ತೆ ಕಣ್ಣಿಗೆ ಬೀಳಲ್ಲ. ಚಕ್ರದ ಮೇಲೆ ಮೂರು ಎಳೆಪೆಟ್ಟಿಗೆ ಮಾಡಿ, ಒಂದಕ್ಕಿಂತ ಒಂದು ಕುಳ್ಳ. ಪೆಟ್ಟಿಗೆಗಳೆಲ್ಲ ನೇರ ಮೂಲೆಯವೇ ಇರಲಿ. ಇಳಿಜಾರು ಬರುವುದು ಮುಂದಿನ ಹಲಗೆಯಲ್ಲಿ ಮಾತ್ರ. ಅದಕ್ಕೆ ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಮೆಟ್ಟಿಲಿಗೆ ಹಿಡಿದು ಸರಿ ಮಾಡಿ, ಆಮೇಲೆ ಹಲಗೆಯ ಮೇಲೆ ಗೆರೆ ಹಾಕಿ. ದೊಡ್ಡ ಹಲಗೆಯನ್ನು ಮನೆಯಲ್ಲಿ ನೇರ ಕೊಯ್ಯೋದು ಕಷ್ಟ. ತೆಗೆದುಕೊಂಡ ಕಡೆಯೇ ಅಳತೆಗೆ ಕತ್ತರಿಸಿ ಕೊಡುತ್ತಾರಾ ಕೇಳಿ, ಮನೆಯಲ್ಲಿ ಜೋಡಿಸುವುದಷ್ಟೇ ಇರಲಿ. ಒಂದಿಷ್ಟು ಡೊಂಕಾದರೂ ಮೆಟ್ಟಿಲ ಕೆಳಗೆ ಯಾರು ನೋಡುತ್ತಾರೆ.

ನೀವು ಹಾಕಿದ ಫೋಟೋದಲ್ಲಿ ಮೆಟ್ಟಿಲ ಕೆಳಗಿನ ಎಡ ಮೂಲೆಯಲ್ಲಿ ಒಂದು ಪೈಪ್ ಇಳಿದಂತೆ ಕಾಣುತ್ತಿದೆ. ಅಲ್ಲಿ ಟೇಪು ಹಿಡಿದು ಇನ್ನೊಂದು ಫೋಟೋ ಹಾಕಿ. ಅದು ನೀರಿನ ಪೈಪ್ ಆಗಿದ್ದರೆ ಆ ಮೂಲೆಯ ಪೆಟ್ಟಿಗೆಯನ್ನು ಎಷ್ಟು ಗಿಡ್ಡ ಮಾಡಬೇಕು ಅಂತ ನೋಡಿ ಹೇಳುತ್ತೇನೆ.